ಗಾರ್ಡ್ ಸಾಹೇಬರಿಗೆ ಸಿಕ್ಕ ಗೋರಿ

ಮೊನ್ನೆ ಬೆಳಗಾವಿಯ ಕ್ಯಾಂಪಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಮೊದಲು ಯಾರೋ ತಟ್ಟೆಯಲ್ಲಿ ಸಿಹಿ ಅವಲಕ್ಕಿ ತಂದು ಕೈಗಿಟ್ಟರು. ನೀರು ಚಿಮುಕಿಸಿ ಮೆತ್ತಗಾದ ಅವಲಕ್ಕಿ, ಹಸಿ ಕೊಬ್ಬರಿ, ಸಕ್ಕರೆ, ಏಲಕ್ಕಿ. ವಾಸನೆ ಮೂಗಿಗೆ ಹತ್ತಿದ ಕೂಡಲೇ ನಮ್ಮ ರೆವರೆಂಡರ ನೆನಪಾಗಿ ನಾಲಗೆ ಕಹಿಯಾಯಿತು. ಅವರ ಹೆಸರು ಹೇಳುವುದಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆನ್ನುತ್ತಾರೆ. ನಾನು ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆಡುತ್ತೇನೆ.

ಅದು ಎಪ್ಪತ್ತರ ದಶಕ ಕೊನೆಗೆ ಬಂದಿದ್ದ ಒಂದು ಮಳೆಗಾಲ. ನಾನು ಶಹಾಪುರದ ನೇಕಾರರ ಮನೆಯ ಮಗಳು. ಅಜ್ಜನ ಕಾಲಕ್ಕೇ ನಾವು ಕ್ರೈಸ್ತರು. ಪವರ್‌ಲೂಮಿನ ಸದ್ದಿನಲ್ಲಿ ಬೆಳೆದದ್ದರಿಂದ ಮೆಲ್ಲಗೆ ಮಾತಾಡುವುದು ನಮ್ಮ ಮನೆತನಕ್ಕೇ ಬರದು. ಬಿ.ಎಡ್. ಮುಗಿಸಿ ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ಸೇರಿದ್ದೆ. ಬೆಳಗಾವಿಯಲ್ಲಿ ಮಳೆಯೆಂದರೆ ಕೊಡೆ ಬಿಚ್ಚಿದರೆ ಮುಗಿಯಿತು. ಖಾನಾಪುರದಲ್ಲಿ ಮಳೆ ಗೋಡೆಯೊಳಗೆ ಬಂದು ಕೂಡುತ್ತದೆ. ಒಗೆದ ಸೀರೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು, ಹಲಗೆಯ ಮೇಲೆ ಸೀಮೆಸುಣ್ಣ ಮೂಡುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ.

ಊರಲ್ಲಿ ನಮ್ಮವರದೊಂದು ಸಣ್ಣ ಚರ್ಚಿತ್ತು. ಅರ್ಧ ಮನೆಗಳು ಕನ್ನಡದವು, ಅರ್ಧ ಮರಾಠಿಯವು. ರೆವರೆಂಡರು ಬೆಳಗಾವಿಯಿಂದ ಬಂದವರು, ಪೀಠ ಹತ್ತಿದರೆ ಅಚ್ಚ ಗ್ರಂಥದ ಕನ್ನಡ. ಅವರು ಒಂದು ವಾಕ್ಯ ಹೇಳಿ ನಿಲ್ಲುವುದು, ಪಕ್ಕದಲ್ಲಿ ನಿಂತ ನಾನು ಅದನ್ನು ಮರಾಠಿಗೆ ಹಾಕುವುದು, ಇದು ಪದ್ಧತಿಯಾಗಿತ್ತು. ಸಂಬಳವಿಲ್ಲದ ಕೆಲಸ. ಮರಾಠಿ ಬರುತ್ತದೆ, ದನಿ ದೊಡ್ಡದು ಎಂಬ ಎರಡು ಅರ್ಹತೆಗಳ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದರು.

ಆ ಮಳೆಗಾಲ ಪೂರ್ತಿ ಗುರುವಾರದ ಸಂಜೆಗಳಲ್ಲಿ ಅವರು ಕೈಗೆತ್ತಿಕೊಂಡ ವಿಷಯ, ಯೆಹೂದ್ಯರ ಮೆಸ್ಸೀಯನ, ಅಂದರೆ ದೇವರು ಕಳಿಸಲಿರುವ ರಕ್ಷಕನ, ನಿರೀಕ್ಷೆ. ನನ್ನ ಸಾಲೆಯ ಕರಿಹಲಗೆಯನ್ನೇ ಹೊತ್ತು ತರಿಸಿ, ಎಡಕ್ಕೆ ಪ್ರವಾದಿಗಳ ಮಾತು, ಬಲಕ್ಕೆ ಅದು ಯೇಸುವಿನಲ್ಲಿ ನೆರವೇರಿದ್ದು, ನಡುವೆ ಒಂದು ಗೀಟು. ಬಸ್ ಸ್ಟ್ಯಾಂಡಿನ ವೇಳಾಪಟ್ಟಿಯ ಹಾಗೆ. ಹುಟ್ಟುವ ಊರು ಇಂಥದ್ದು, ಬಂದಿತೋ? ಬಂದಿತು. ಬರುವ ವಾಹನ ಇಂಥದ್ದು, ಬಂದಿತೋ? ಬಂದಿತು. ಕೊನೆಗೆ ಹಲಗೆಗೆ ಕೋಲು ತಟ್ಟಿ, "ಇಷ್ಟು ಸ್ಪಷ್ಟವಿದ್ದರೂ ಆ ಕುರುಡರಿಗೆ ಕಾಣಲಿಲ್ಲ! ಅವರು ಕತ್ತಿ ಹಿಡಿದ ರಾಜನಿಗಾಗಿ ಕಾದರು, ಇಂದಿಗೂ ಕಾಯುತ್ತಿದ್ದಾರೆ!" ಎನ್ನುತ್ತಿದ್ದರು. ಸಭೆ ನಗುತ್ತಿತ್ತು. ಕನ್ನಡದವರು ಮೊದಲು ನಗುತ್ತಿದ್ದರು, ನಾನು ಮರಾಠಿಯಲ್ಲಿ ಹೇಳಿದ ಮೇಲೆ ಮರಾಠಿಯವರು ನಗುತ್ತಿದ್ದರು. ಚಹಾ, ಬಿಸ್ಕೀಟು ಮುಗಿಸಿ, ಯೇಸುಸ್ವಾಮಿಯ ಎರಡನೆಯ ಬರುವಿಕೆಗಾಗಿ ಪ್ರಾರ್ಥನೆ ಮಾಡಿ ಮನೆಗೆ ಹೋಗುತ್ತಿದ್ದರು. ಕಾಯುವವರನ್ನು ನೋಡಿ ನಕ್ಕವರು ತಾವೂ ಕಾಯುತ್ತಿದ್ದೇವೆಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ.

ಆ ಕುರುಡರ ಪೈಕಿ ಇಬ್ಬರ ಮನೆಯಲ್ಲೇ ನಾನು ಬಾಡಿಗೆಗಿದ್ದೆ. ಸಾಲೋಮನ್ ಸಾಹೇಬರು ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಊರೆಲ್ಲ ಅವರನ್ನು ಗಾರ್ಡ್ ಸಾಹೇಬರೆಂದೇ ಕರೆಯುತ್ತಿತ್ತು. ಹೆಂಡತಿ ರೆಬೆಕ್ಕಾಬಾಯಿ ಕಚ್ಚೆ ಹಾಕಿ ಸೀರೆ ಉಡುವ ಎತ್ತರದ ಹೆಂಗಸು. ಇಬ್ಬರೂ ಕೊಂಕಣದ ಬೆನೆ ಇಸ್ರಾಯೇಲಿಗಳು, ಅಂದರೆ ಯಾವುದೋ ಕಾಲದಲ್ಲಿ ಹಡಗು ಒಡೆದು ಆ ದಂಡೆಗೆ ಬಂದು ಬಿದ್ದೆವೆಂದು ಹೇಳಿಕೊಳ್ಳುವ ಯೆಹೂದಿಗಳು. ಹಿರಿಯರು ಎಣ್ಣೆಯ ಗಾಣ ನಡೆಸುತ್ತಿದ್ದರಂತೆ. ದೇವರ ವಿಶ್ರಾಂತಿಯ ದಿನವೆಂದು ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ಜನ ಅವರನ್ನು ಶನಿವಾರದ ತೇಲಿಗಳು, ಅಂದರೆ ಗಾಣಿಗರು, ಎನ್ನುತ್ತಿದ್ದರಂತೆ. ಮನೆಯ ಮಾತು ಮರಾಠಿ, ಊರಿನೊಡನೆ ಕನ್ನಡ. ಬಾಗಿಲ ಚೌಕಟ್ಟಿಗೆ ಹೊಡೆದ ಸಣ್ಣ ಕೊಳವೆಯೊಂದನ್ನು ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡೇ ಒಳಗೆ ಬರುತ್ತಿದ್ದರು. ಅದರೊಳಗೆ ದೇವರ ಮಾತು ಬರೆದ ಚರ್ಮದ ತುಣುಕಿತ್ತು.

ಜೂನ್ ತಿಂಗಳಲ್ಲಿ ಗಾರ್ಡ್ ಸಾಹೇಬರಿಗೆ ಎದೆನೋವು ಬಂದು, ಸತ್ತೇ ಹೋದರೆಂದುಕೊಂಡವರು ಉಳಿದುಕೊಂಡರು. ರೆಬೆಕ್ಕಾಬಾಯಿ ಎಲಿಯಾಹು ಪ್ರವಾದಿಗೆ ಹರಕೆ ಹೊತ್ತಿದ್ದರು. ನಾವು ಎಲೀಯನೆನ್ನುವವನೇ ಅವರ ಎಲಿಯಾಹು, ಮೆಸ್ಸೀಯ ಬರುವ ಮುಂಚೆ ಬಂದು ದಾರಿ ಮಾಡಬೇಕಾದವನು. ಹರಕೆ ತೀರಿದಾಗ ಅವರು ಮಲಿದಾ ಮಾಡುತ್ತಾರೆ: ಸಿಹಿ ಅವಲಕ್ಕಿಯನ್ನು ಗೋಪುರದಂತೆ ಪೇರಿಸಿ, ಸುತ್ತ ಹಣ್ಣಿಟ್ಟು, ಎಲಿಯಾಹುವಿನ ಹೆಸರಲ್ಲಿ ಹಾಡಿ, ಬಂದವರಿಗೆಲ್ಲ ಹಂಚುವುದು. ನೆರೆಮನೆಯ ಮುಸಲ್ಮಾನರ ಹೆಣ್ಣುಮಕ್ಕಳು ಬಂದರು, ಬಾಜು ಓಣಿಯ ಲಿಂಗಾಯತರ ಗೌರವ್ವ ಬಂದಳು. ಕರೆಯದಿದ್ದರೂ ರೆವರೆಂಡರು ಬಂದರು.

ಗಾರ್ಡ್ ಸಾಹೇಬರು ದಿಂಬಿಗೆ ಒರಗಿ ಸಣ್ಣ ದನಿಯಲ್ಲಿ ಹಾಡಿದರು. ಎಲಿಯಾಹು ಕೊಂಕಣದ ಒಂದು ಹಳ್ಳಿಗೆ ಬಂದಿದ್ದನೆಂದೂ, ಅಲ್ಲಿಯ ಬಂಡೆಯ ಮೇಲೆ ಅವನ ಕುದುರೆಯ ಗೊರಸಿನ ಗುರುತಿದೆಯೆಂದೂ ರೆಬೆಕ್ಕಾಬಾಯಿ ಹೇಳಿದರು. ರೆವರೆಂಡರು ಬಾಯಿತುಂಬ ಅವಲಕ್ಕಿ ಇಟ್ಟುಕೊಂಡೇ ನಕ್ಕರು.

"ಎಲೀಯ ಕೊಂಕಣಕ್ಕ ಯಾಕ ಬರ್ತಾನ್ರಿ, ಬಾಯಿ? ಅದೂ ಕುದುರಿ ಮ್ಯಾಲೆ!"

"ನಿಮ್ಮ ಸ್ವಾಮಿ ಕತ್ತೆಮರಿ ಮ್ಯಾಲೆ ಬಂದದ್ದಕ್ಕ ನಾ ಎಂದಾದ್ರೂ ನಕ್ಕೇನೇನ್ರಿ, ಪಾದ್ರಿ ಸಾಹೇಬ್ರ? ನಮ್ಮಾಂವ ಕುದುರಿ ಮ್ಯಾಲೆ ಬರಲಿ ಬಿಡ್ರಿ. ಇನ್ನೊಂಚೂರು ಹಾಕ್ಲೇನು?"

ಇನ್ನೊಂಚೂರು ಹಾಕಿಸಿಕೊಂಡರು. ತಿನ್ನುತ್ತ ತಿನ್ನುತ್ತ ಹಲಗೆಯ ಪಾಠವನ್ನೆಲ್ಲ ಒಪ್ಪಿಸಿದರು. ಎಲೀಯನಾಗಿ, ಯೇಸುವಿಗಿಂತ ಮುಂಚೆ, ಸ್ನಾನಿಕ ಯೋಹಾನ ಬಂದು ಹೋದ, ಮೆಸ್ಸೀಯನೂ ಬಂದು ಹೋದ, ಇನ್ನು ನೀವು ಒಪ್ಪುವುದೊಂದೇ ಬಾಕಿ ಎಂದರು. ರೆಬೆಕ್ಕಾಬಾಯಿ ಎಲ್ಲಕ್ಕೂ "ಇರಬಹುದ್ರಿ" ಎಂದರು. "ಹೌದೇನ್ರಿ, ಇರಬಹುದ್ರಿ." ನಮ್ಮ ಕಡೆ ಮನೆಗೆ ಬಂದು ಕೈಯಲ್ಲಿ ತಟ್ಟೆ ಹಿಡಿದವನ ಮಾತನ್ನು ಯಾವ ಗೃಹಿಣಿಯೂ ಅಲ್ಲಗಳೆಯುವುದಿಲ್ಲ. ಆತ ಸೂರ್ಯ ಪಶ್ಚಿಮಕ್ಕೆ ಹುಟ್ಟುತ್ತಾನೆಂದರೂ ಇರಬಹುದ್ರಿ ಎಂದು ಮತ್ತಷ್ಟು ಬಡಿಸುತ್ತಾಳೆ. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಈ ರೀತಿ ದೇವಶಾಸ್ತ್ರ ಕಲಿತ ರೆವರೆಂಡರಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ, ಆಸೆ ಬುದ್ಧಿಯನ್ನು ನುಂಗಿತು. ಯೆಹೂದಿ ದಂಪತಿ ಯೇಸುವನ್ನು ಒಪ್ಪಿದರೆಂದು ಮರುದಿನವೇ ಬೆಳಗಾವಿಗೆ ಹೇಳಿ ಕಳಿಸಿದರು.

ಎರಡು ವಾರಕ್ಕೆ ಬೆಳಗಾವಿಯ ಹಿರಿಯರು ಜೀಪು ಮಾಡಿಕೊಂಡು ಬಂದಿಳಿದರು. ಹಾರ, ಫೋಟೋ ತೆಗೆಯುವವನು, ಕ್ರೈಸ್ತರಾಗುವ ದೀಕ್ಷಾಸ್ನಾನಕ್ಕೆಂದು ಬಿಳಿ ನಿಲುವಂಗಿ ಎರಡು. ಖಾನಾಪುರದಲ್ಲಿ ಇಬ್ಬರು ಯೆಹೂದಿಗಳು ಮುಳುಗಿ ಎದ್ದರೆ ಸ್ವಾಮಿಯ ಬರುವಿಕೆ ಹತ್ತಿರವಾಗುತ್ತದೆಂದು ಅವರೂ ನಂಬಿದ್ದರು, ಪಾಪ. ರೆಬೆಕ್ಕಾಬಾಯಿ ಬಾಗಿಲಲ್ಲಿ ನಿಂತು ಇಡೀ ಕಥೆ ಕೇಳಿಕೊಂಡರು. ಈ ಸಲ ಬಂದವರ ಕೈಯಲ್ಲಿ ತಟ್ಟೆ ಇರಲಿಲ್ಲ.

"ನಾ ಅವಲಕ್ಕಿ ಕೊಟ್ಟೇನ್ರಿ, ಧರ್ಮ ಕೊಟ್ಟಿಲ್ಲ" ಎಂದು ಬಾಗಿಲು ಹಾಕಿಕೊಂಡರು. ಹಾರ ಬಾಡದಿರಲೆಂದು ಚರ್ಚಿನ ಮೇಜಿನ ಮೇಲಿಟ್ಟು ಜೀಪು ವಾಪಸು ಹೋಯಿತು. ರೆವರೆಂಡರು ಆ ಅವಮಾನವನ್ನು ಮರೆಯಲಿಲ್ಲ.

ಆ ಮೇಲೆ ಅವರ ಪಾಠದಲ್ಲಿ ಖಾರ ಹೆಚ್ಚಿತು. ನನಗೋ, ಪ್ರತಿ ವಾಕ್ಯವನ್ನೂ ನನ್ನ ಬಾಯಿಂದ ದಾಟಿಸಬೇಕಾಗಿದ್ದ ಕಾರಣ, ಅದು ಖರೇ ಹೌದೋ ಅಲ್ಲವೋ ನೋಡಬೇಕೆಂಬ ಹಟ ಹತ್ತಿತು. ಬೆಳಗಾವಿಗೆ ಹೋದಾಗಲೆಲ್ಲ ಲೈಬ್ರರಿಯಿಂದ ದಪ್ಪ ಪುಸ್ತಕ ತಂದು ಓದಿದೆ. ವೇಳಾಪಟ್ಟಿಯೆಂಬುದೇ ಇರಲಿಲ್ಲ ಎಂದು ಗೊತ್ತಾಯಿತು. ಆ ಹಳೆಯ ಜನ ಒಬ್ಬನಿಗಾಗಿ ಒಂದೇ ರೀತಿ ಕಾದವರಲ್ಲ. ಕೆಲವರು ದಾವೀದನ ವಂಶದ ರಾಜ ಬಂದು ಪರದೇಶದ ಸೈನ್ಯವನ್ನು ಅಟ್ಟುತ್ತಾನೆಂದು ಕಾದರು. ಕೆಲವರು ಮೋಶೆಯಂಥ ಪ್ರವಾದಿಗಾಗಿ ಕಾದರು. ಮರುಭೂಮಿಯಲ್ಲಿ ಗುಂಪು ಕಟ್ಟಿಕೊಂಡು ಇದ್ದವರು ರಾಜನೊಬ್ಬ, ಯಾಜಕನೊಬ್ಬ, ಹೀಗೆ ಇಬ್ಬರಿಗಾಗಿ ಕಾದರು. ಮೋಡದ ಮೇಲೆ ಬರುವವನಿಗಾಗಿ ಕಾದವರಿದ್ದರು, ಯಾರೂ ಬೇಡ, ದೇವರೇ ಬರಲಿ ಎಂದವರೂ ಇದ್ದರು. ಸರಕಾರ ಶಿಲುಬೆಗೆ ಜಡಿದ ಬಡಗಿಯೊಬ್ಬ ಇವರಲ್ಲಿ ಯಾರ ಅಳತೆಗೂ ಹೊಂದುವಂತಿರಲಿಲ್ಲ.

ಯೇಸುವಿನ ಸ್ವಂತ ಶಿಷ್ಯರೇ ಕೊನೆಯ ದಿನದವರೆಗೂ, ರಾಜ್ಯ ಯಾವಾಗ ಕೊಡಿಸುತ್ತೀ ಎಂದು ಕೇಳಿದರು. ದಾರಿ ಮಾಡಲು ಬಂದ ಸ್ನಾನಿಕ ಯೋಹಾನನೇ ಸೆರೆಮನೆಯಿಂದ ಆಳು ಕಳಿಸಿ, ಬರಬೇಕಾದವನು ನೀನೋ, ಇಲ್ಲ ನಾವು ಇನ್ನೊಬ್ಬನಿಗಾಗಿ ಕಾಯಬೇಕೋ ಎಂದು ವಿಚಾರಿಸಿದ. ಯೇಸು ಅವನನ್ನು ಕುರುಡನೆಂದು ಬೈಯಲಿಲ್ಲ. ಮೊದಲು ಶಿಷ್ಯರು ಯೇಸುವನ್ನು ಕಂಡರು, ಅವನ ಪ್ರೀತಿಗೆ ಬಿದ್ದರು, ಅವನು ಶಿಲುಬೆಗೇರಿದ ಮೇಲೆ ಗಾಬರಿಯಲ್ಲಿ ಪ್ರವಾದಿಗಳ ಹಳೆಯ ಮಾತುಗಳನ್ನು ತಿರುಗಿ ತೆರೆದು ಓದಿಕೊಂಡರು. ನಮ್ಮ ನಂಬಿಕೆ ಹುಟ್ಟಿದ್ದು ಆ ಗಾಬರಿಯಲ್ಲಿ. ಅಷ್ಟು ದೊಡ್ಡ ಸಂಗತಿಯನ್ನು ನಮ್ಮ ರೆವರೆಂಡರು ಕರಿಹಲಗೆಯ ಎರಡು ಸಾಲಿಗೆ ಇಳಿಸಿ ಬಿಸ್ಕೀಟು ಹಂಚುತ್ತಿದ್ದರು. ಇದನ್ನು ನಾನು ಅವರ ಮುಂದೆ ಹೇಳಿದಾಗ, "ಅಕ್ಕೋರ, ನೀವು ಅನುವಾದ ಮಾಡ್ರಿ. ಅಭಿಪ್ರಾಯ ಬ್ಯಾಡ" ಎಂದರು.

ಆಗಸ್ಟಿನಲ್ಲಿ ಮಳೆ ಹುಚ್ಚಾಯಿತು. ಮಲಪ್ರಭೆ ದಂಡೆ ಬಿಟ್ಟು ಹರಿಯಿತು, ಹಳ್ಳಗಳು ಹಾದಿ ನುಂಗಿದವು, ಹಳಿಯ ಮೇಲೆ ಮಣ್ಣು ಕುಸಿದು ರೈಲು ನಿಂತಿತು, ಟೆಲಿಫೋನಿನ ತಂತಿ ಹರಿಯಿತು. ಅಂಥದೊಂದು ಬೆಳಿಗ್ಗೆ ಗಾರ್ಡ್ ಸಾಹೇಬರು ಚಹಾ ಕೇಳಿ, ಚಹಾ ಬರುವಷ್ಟರಲ್ಲಿ ತೀರಿಕೊಂಡರು. ಮಗ ಮುಂಬೈಯಲ್ಲಿ. ಅವರ ಜನರ ಸ್ಮಶಾನಗಳೆಲ್ಲ ಪುಣೆ, ಮುಂಬೈ ಕಡೆ. ಅವರ ಧರ್ಮದಲ್ಲಿ ಹೆಣವನ್ನು ಸುಡುವಂತಿಲ್ಲ, ಕೂಡಿದಮಟ್ಟಿಗೆ ಅದೇ ದಿನ ಹೊತ್ತು ಮುಳುಗುವ ಮೊದಲು ಮಣ್ಣು ಮಾಡಬೇಕು.

ನೆರೆಮನೆಯ ಮುಸಲ್ಮಾನರು ಕೇಳುವ ಮೊದಲೇ ತಮ್ಮ ಕಬರಸ್ತಾನದಲ್ಲಿ ಜಾಗ ಕೊಡುತ್ತೇವೆಂದರು. ಆದರೆ ಅಲ್ಲಿಗೆ ಹೋಗುವ ಹಾದಿಯ ಮೇಲೆ ಎದೆಮಟ್ಟ ನೀರು. ಉಳಿದದ್ದು ಚರ್ಚಿನ ಹಿಂದಿನ ದಿಬ್ಬದ ಮೇಲಿದ್ದ ನಮ್ಮ ಸ್ಮಶಾನ. ರೆಬೆಕ್ಕಾಬಾಯಿ ನನ್ನ ಕೈ ಹಿಡಿದು, "ಪೋರಿ, ನಿಮ್ಮ ಪಾದ್ರಿಗೆ ಕೇಳಿ ಬಾ. ನಾ ಅವತ್ತ ಬಾಗಿಲಾ ಹಾಕಿದ್ದು ತಪ್ಪಾತಂದ್ರ, ತಪ್ಪಾತು ಅಂತ ಹೇಳು" ಎಂದರು. ಅಂಥ ಹೆಂಗಸಿನ ಬಾಯಲ್ಲಿ ಆ ಮಾತು ಕೇಳಿ, ಕೊಡೆಯನ್ನೂ ಹಿಡಿಯದೆ ಪಾದ್ರಿಯ ಮನೆಗೆ ಓಡಿದೆ.

ರೆವರೆಂಡರು ಶಾಲು ಹೊದ್ದು ಕೂತಿದ್ದರು, ಜೊತೆಗೆ ಸಭೆಯ ಇಬ್ಬರು ಹಿರಿಯರು. ನಾನು ಹೇಳಿದೆ.

"ಭಾಳ ಕೆಟ್ಟ ಅನಸ್ತೈತಿ, ಅಕ್ಕೋರ. ಆದ್ರ ನಿಯಮ ಅಂದ್ರ ನಿಯಮ. ದೀಕ್ಷಾಸ್ನಾನ ಆಗದವರಿಗೆ ಆ ಭೂಮಿಯೊಳಗ ಜಾಗಾ ಇಲ್ಲ."

"ಮಳಿ ನೋಡ್ರಿ. ಹೆಣ ಇಟಗೊಂಡು ಆ ಮುದುಕಿ ಎಲ್ಲಿ ಹೋಗಬೇಕ್ರಿ?"

ಒಬ್ಬ ಹಿರಿಯ ಬೆಳಗಾವಿಯ ಆಫೀಸಿಗೆ ಕೇಳಬೇಕೆಂದ, ಟೆಲಿಫೋನು ಸತ್ತಿದೆಯೆಂದು ಗೊತ್ತಿದ್ದೂ. ಇನ್ನೊಬ್ಬ ತನ್ನ ಮಗಳ ಮದುವೆ ಹತ್ತಿರ ಬಂದಿದೆ, ತಾನು ಇಂಥದರಲ್ಲಿ ಬೀಳುವುದಿಲ್ಲವೆಂದ. ರೆವರೆಂಡರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ತೆರೆದಾಗ ಅವರ ಮುಖದಲ್ಲಿ ಒಂದು ಹೊಳಪಿತ್ತು. ಆ ಹೊಳಪನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

"ಒಂದು ಹಾದಿ ಐತಿ. ಆ ಬಾಯಿ, ಮುಂದ ನಾ ದೀಕ್ಷಾಸ್ನಾನ ತಗೋತೇನಿ ಅಂತ ಒಂದ ಮಾತು ಕೊಡಲಿ. ಇವತ್ತ ಜಾಗಾ ಕೊಡ್ತೇವಿ."

ಸಂತೆಯಲ್ಲಿ ಎಮ್ಮೆ ಮಾರುವವನೂ ಹೆಣದ ಮೇಲೆ ಚೌಕಾಸಿ ಮಾಡುವುದಿಲ್ಲ. ನನ್ನ ಮನೆತನದ ದನಿಯಲ್ಲಿ ನಾನು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಆ ದನಿಗೇ ಹೊರಗಿನ ಪಡಸಾಲೆಯಲ್ಲಿ ಮಳೆಗೆ ನಿಂತಿದ್ದ ದಾನಿಯೇಲಪ್ಪ ಒಳಗೆ ಬಂದ.

ದಾನಿಯೇಲಪ್ಪ ಹಂಚಿನ ಭಟ್ಟಿಯ ಸಾಹುಕಾರ. ಹುಟ್ಟು ಕ್ರೈಸ್ತ, ಆದರೆ ಕ್ರಿಸ್‌ಮಸ್ ಬಿಟ್ಟರೆ ಚರ್ಚಿಗೆ ಕಾಲಿಡುತ್ತಿರಲಿಲ್ಲ. ಕುಡಿತ, ಜಗಳ, ಹೊಲಸು ಬಾಯಿ. ಊರಲ್ಲಿ ಅವನನ್ನು ಒಳ್ಳೆಯವನೆಂದವರನ್ನು ನಾನು ಕಂಡಿಲ್ಲ, ನಾನೂ ಅಂದಿರಲಿಲ್ಲ. ಹೆಂಡತಿ ಸತ್ತಾಗ ಅವಳ ಬಾಜುವಿನಲ್ಲೇ ತನಗೊಂದು ಗೋರಿ ತೋಡಿಸಿ, ಒಳಗೆ ತನ್ನ ಭಟ್ಟಿಯ ಇಟ್ಟಂಗಿ ಕಟ್ಟಿಸಿ, ಮೇಲೆ ಕಲ್ಲುಚಪ್ಪಡಿ ಮುಚ್ಚಿಸಿಟ್ಟಿದ್ದ. ಮಕ್ಕಳನ್ನು ನಂಬಿದರೆ ಹಸಿ ಮಣ್ಣಲ್ಲಿ ಹುಗಿಯುತ್ತಾರೆ ಎನ್ನುತ್ತಿದ್ದ.

"ನಂದು ಗೋರಿ ತಯಾರ ಐತಿ, ಅಕ್ಕೋರ. ಗಾರ್ಡ್ ಸಾಹೇಬರನ್ನ ಅದರಾಗ ಮಲಗಿಸ್ರಿ."

"ದಾನಿಯೇಲಪ್ಪ, ಅದು ಸಭೆಯ ಭೂಮಿ" ಎಂದರು ರೆವರೆಂಡರು.

"ಭೂಮಿ ಸಭಾದ್ದು. ಇಟ್ಟಂಗಿ ನಂದು, ಚಪ್ಪಡಿ ನಂದು, ಒಳಗ ಯಾರು ಮಲಗಬೇಕು ಅನ್ನೂದೂ ನಂದು. ಬಂದು ಅಡ್ಡ ನಿಂದರ್ತೀರೇನು? ನಿಂದರ್ರಿ. ಚಪ್ಪಡಿ ಎತ್ತಾಕ ಭಟ್ಟಿಯಿಂದ ಆಳು ಬರ್ತಾವ. ಮಳಿಯಾಗ ಕೆಲಸ ಇಲ್ದ ಸುಮ್ಮನ ಕುಂತಾವ."

ರೆವರೆಂಡರು ಅಡ್ಡ ನಿಲ್ಲಲಿಲ್ಲ. ಜ್ವರವೆಂದು ಶಾಲನ್ನು ಮತ್ತಷ್ಟು ಹೊದ್ದುಕೊಂಡರು.

ಮಧ್ಯಾಹ್ನ ಮಳೆಯಲ್ಲೇ ಹೊರಟೆವು. ಮುಸಲ್ಮಾನರ ಹುಡುಗರು ಚಟ್ಟಕ್ಕೆ ಹೆಗಲು ಕೊಟ್ಟರು, ಗೌರವ್ವ ರೆಬೆಕ್ಕಾಬಾಯಿಗೆ ಕೊಡೆ ಹಿಡಿದಳು. ನಮ್ಮ ಸಭೆಯವರು ಕಿಟಕಿಯಿಂದ ನೋಡಿದರು. ಅವರ ಪ್ರಾರ್ಥನೆ ಹೇಳಲು ಹತ್ತು ಜನ ಯೆಹೂದಿ ಗಂಡಸರು ಬೇಕಂತೆ. ಹತ್ತು ಹೋಗಲಿ, ಒಬ್ಬನೂ ಇರಲಿಲ್ಲ. ಬಿಳಿ ಬಟ್ಟೆ ಸುತ್ತಿದ ದೇಹವನ್ನು ಇಳಿಸುವಾಗ ರೆಬೆಕ್ಕಾಬಾಯಿ ತಡೆದರು. ನಾವು ಕ್ರೈಸ್ತರು ನಮ್ಮವರನ್ನು, ಸತ್ತವರೆಲ್ಲ ಏಳುವ ಕೊನೆಯ ದಿನ ಎದ್ದಾಗ ಮುಖ ಮೂಡಣಕ್ಕಿರುವಂತೆ ಮಲಗಿಸುತ್ತೇವೆ. ಯೆಹೂದಿಗಳಿಗೆ ಕಾಲು ಯೆರೂಸಲೇಮಿನ ಕಡೆ, ಅಂದರೆ ಪಡುವಣಕ್ಕೆ ಬರಬೇಕು. ಭಟ್ಟಿಯ ಆಳುಗಳು ದಾನಿಯೇಲಪ್ಪನ ಮುಖ ನೋಡಿದರು.

"ತಿರುಗಿಸ್ರಿ ಮತ್ತ" ಎಂದ ಅವನು. "ಎಲ್ಲಾರೂ ಎದ್ದ ದಿನ ನಮ್ಮವರು, ಇವರು ಎದುರಾಬದುರು ಕುಂದರತಾರ. ಯಾರು ಬರಬೇಕಾಗಿತ್ತು, ಯಾರು ಬಂದ್ರು, ಅವರವರ ಮಾತಾಡಿ ಬಗಿಹರಸ್ಕೊಳ್ಳಲಿ. ನಮಗ್ಯಾಕ ಬೇಕು."

ರೆಬೆಕ್ಕಾಬಾಯಿ ಸೊಂಟದ ಚೀಲದಿಂದ ಒಂದು ಚಿಟಿಕೆ ಪವಿತ್ರ ಭೂಮಿಯ ಮಣ್ಣು ತೆಗೆದು ಹಾಕಿ, ತಮಗೆ ಬಂದಷ್ಟು ಹೀಬ್ರೂ ಮಾತು ಹೇಳಿದರು. ಆಗ ಮೊದಲ ಸಲ ಅತ್ತರು. ನಾನೂ ಅತ್ತೆ. ಮಳೆ ನಿಂತ ಮೇಲೆ ಮಗ ಬಂದು ಅವರನ್ನು ಮುಂಬೈಗೆ ಕರೆದುಕೊಂಡು ಹೋದ.

ಮುಂದಿನ ಬೇಸಿಗೆಯಲ್ಲಿ ಶುಭ ಶುಕ್ರವಾರ ಬಂತು. ಚರ್ಚು ಕಿಕ್ಕಿರಿದಿತ್ತು. ಹಿಂದಿನ ಬೆಂಚಿನಲ್ಲಿ, ಎಲ್ಲರಿಗೂ ಆಶ್ಚರ್ಯವಾಗುವಂತೆ, ದಾನಿಯೇಲಪ್ಪ ಕೂತಿದ್ದ. ನಾನು ರೆವರೆಂಡರ ಪಕ್ಕದಲ್ಲಿ ನನ್ನ ಜಾಗದಲ್ಲಿ ನಿಂತಿದ್ದೆ. ಶಿಲುಬೆಯ ಕಥೆ ಮುಗಿದು ಸಮಾಧಿಯ ಕಥೆಗೆ ಬಂದರು. ಸತ್ತ ಯೇಸುವಿಗೆ ಮಲಗಲು ಜಾಗವಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕಿತ್ತು. ಶಿಷ್ಯರು ಅಡಗಿ ಕೂತಿದ್ದರು. ಆಗ ಅರಿಮಥಾಯದ ಯೋಸೇಫನೆಂಬ ಸಾಹುಕಾರ ತನಗಾಗಿ ಮಾಡಿಸಿಟ್ಟಿದ್ದ ಹೊಸ ಸಮಾಧಿಯನ್ನು ಕೊಟ್ಟ. "ಆತನು ದೇವರ ರಾಜ್ಯಕ್ಕಾಗಿ ಕಾಯುತ್ತಿದ್ದ ಯೆಹೂದ್ಯನು!" ಎಂದರು ರೆವರೆಂಡರು, ಕಣ್ಣಲ್ಲಿ ನೀರು ತಂದುಕೊಂಡು. ಆ ನೀರು ಖರೇದ್ದು, ಅದೇ ಅಸಹ್ಯ. ತಾನು ಏನು ಹೇಳುತ್ತಿದ್ದೇನೆಂಬುದು ಆ ಮನುಷ್ಯನಿಗೆ ಕೇಳಿಸುತ್ತಲೇ ಇರಲಿಲ್ಲ.

ನಾನು ಅದನ್ನು ಮರಾಠಿಯಲ್ಲಿ ಹೇಳಿ ಮುಗಿಸಿದೆ. ಹಿಂದಿನಿಂದ ದಾನಿಯೇಲಪ್ಪ ಎದ್ದು ನಿಂತ. ಕುಡಿದಿರಲಿಲ್ಲ.

"ಅಯ್ಯನವರ, ಒಂದು ಸಂಶಯ ಐತ್ರಿ. ಆ ಯೋಸೇಫ ದೀಕ್ಷಾಸ್ನಾನ ತಗೊಂಡಿದ್ನೇನ್ರಿ?"

ಕನ್ನಡದ ಬೆಂಚುಗಳು ತಲೆ ತಗ್ಗಿಸಿದವು. ಮರಾಠಿಯವರು ಏನಾಯಿತೆಂದು ನನ್ನ ಮುಖ ನೋಡಿದರು. ರೆವರೆಂಡರು ನನ್ನ ಕಡೆ ಬಾಗಿ, ತುಟಿ ಅಲ್ಲಾಡಿಸದೆ, "ಅದನ್ನ ಅನುವಾದ ಮಾಡಬ್ಯಾಡ್ರಿ" ಎಂದರು.

ನಾನು ಮಾಡಿದೆ. ಮಗ್ಗದ ಸದ್ದನ್ನು ಮೀರಿ ಮಾತಾಡುವ ನಮ್ಮ ಮನೆಯ ದನಿಯಲ್ಲಿ, ಒಂದು ಶಬ್ದವನ್ನೂ ಬಿಡದೆ.